ಹಿಂದಕ್ಕೆ ಹೋಗದ ಕಾರು

ನಮ್ಮ ಗಲ್ಲಿಯಲ್ಲಿ ಗಾಡಿಗಳು ಹಿಂದಕ್ಕೆ ಬರುವಾಗ ಹಾಡುತ್ತವೆ. ಕಿರಾಣಿ ಅಂಗಡಿಗೆ ಸಾಮಾನು ತರುವ ಟೆಂಪೊ ಯಾವುದೋ ಭಜನೆಯ ಧಾಟಿ ನುಡಿಸುತ್ತದೆ. ಗ್ಯಾಸ್ ಸಿಲಿಂಡರಿನ ಗಾಡಿ ಬರೀ ಕುಂಯ್ ಕುಂಯ್ ಎನ್ನುತ್ತದೆ. ಎದುರುಮನೆಯವರ ಬಿಳಿ ಕಾರಿನೊಳಗಿಂದ ಒಬ್ಬ ಹೆಂಗಸು ಇಂಗ್ಲಿಷಿನಲ್ಲಿ ಬಹಳ ಮರ್ಯಾದೆಯಿಂದ ಎಚ್ಚರಿಕೆ ಕೊಡುತ್ತಾಳೆ. ಈ ಸದ್ದುಗಳಲ್ಲಿ ಯಾವುದು ಕೇಳಿದರೂ ನಾನು ಕೈಯಲ್ಲಿ ಹಿಡಿದದ್ದನ್ನು ಕೆಳಗಿಡುತ್ತೇನೆ. ಚಹದ ಕಪ್ಪಾದರೆ ಕಪ್ಪು, ಸೌಟಾದರೆ ಸೌಟು. ಸದ್ದು ನಿಂತ ಮೇಲೆ ಮತ್ತೆ ಎತ್ತಿಕೊಳ್ಳುತ್ತೇನೆ. ಮನೆಗೆ ಬಂದವರು ಇದನ್ನು ನೋಡಿ, ಇವರು ಯಾರನ್ನೋ ನೆನೆಸಿಕೊಂಡು ಮೌನ ಆಚರಿಸುತ್ತಿದ್ದಾರೆ ಎಂದು ತಾವೂ ಸುಮ್ಮನೆ ಕುಳಿತದ್ದುಂಟು.

ಇದು ಚಟವೋ ರೋಗವೋ ನಾನು ಹೇಳಲಾರೆ. ಆದರೆ ಇದರ ದೆಸೆಯಿಂದಲೇ ನಾನು, ಅರವತ್ತೊಂದನೆಯ ವಯಸ್ಸಿನಲ್ಲಿ, ಒಂದು ಕೆಂಪು ಸ್ಪೋರ್ಟ್ಸ್ ಕಾರಿನ ಒಡತಿಯಾದೆ. ಅದನ್ನು ನಿಮಗೆ ಹೇಳಬೇಕು. ಸಾವಕಾಶವಾಗಿ ಹೇಳುತ್ತೇನೆ, ಬೇರೆ ರೀತಿ ನನಗೆ ಬರುವುದಿಲ್ಲ. ಮೂವತ್ತೊಂದು ವರ್ಷ ಇಲ್ಲಿ ಹೈದರಾಬಾದಿನ ಕೋರ್ಟಿನಲ್ಲಿ ಸ್ಟೆನೊ ಆಗಿದ್ದವಳು ನಾನು. ಸಾಕ್ಷಿ ಹೇಳುವವರ ಮಾತನ್ನು ಬರೆದುಕೊಳ್ಳುವುದು ನನ್ನ ಕೆಲಸ. ಅಷ್ಟು ವರ್ಷ ಕೇಳಿ ನಾನು ಕಲಿತದ್ದು ಒಂದೇ: ಕಂಡದ್ದನ್ನು ಕಂಡೆ ಅನ್ನಬೇಕು, ಕೇಳಿದ್ದನ್ನು ಕೇಳಿದೆ ಅನ್ನಬೇಕು, ಅನಿಸಿದ್ದನ್ನು ಹೇಳಲೇಬಾರದು. ಮೂರನೆಯದನ್ನು ಇಲ್ಲಿ ಪಾಲಿಸಲು ಆಗುವುದಿಲ್ಲ, ಕ್ಷಮಿಸಿ.

ಮೊದಲು ಕೋಠಿ ಬಜಾರಿನಲ್ಲಿ ಆದದ್ದು. ನಾನು ಕಾರು ಕಲಿತದ್ದು ಐವತ್ತೆರಡಕ್ಕೆ. ಏಳು ವರ್ಷ ಯಾವ ತೊಂದರೆಯೂ ಇಲ್ಲದೆ ನಡೆಸಿದೆ. ಒಂದು ಮಧ್ಯಾಹ್ನ ಕೋಠಿಯಲ್ಲಿ ಬಟ್ಟೆ ಅಂಗಡಿಯ ಮುಂದೆ ನಿಲ್ಲಿಸಿದ್ದ ನಮ್ಮ ಸಣ್ಣ ಕಾರನ್ನು ಹಿಂದಕ್ಕೆ ತೆಗೆಯುತ್ತಿದ್ದೆ. ಎಡಗನ್ನಡಿ ನೋಡಿದೆ. ಬಲಗನ್ನಡಿ ನೋಡಿದೆ. ಹಿಂದೆ ಒಂದು ಮೋಸಂಬಿ ಬಂಡಿ ಇತ್ತು. ಅದು ಎರಡು ಕನ್ನಡಿಗಳ ನಡುವೆ ಇತ್ತು. ಧಡ್ ಅಂದ ಮೇಲೆ ನೂರಾರು ಮೋಸಂಬಿ ರಸ್ತೆಯ ತುಂಬ ಉರುಳಿದವು. ಯಾರಿಗೂ ಏನೂ ಆಗಲಿಲ್ಲ. ಬಂಡಿಯವನು ಬಯ್ಯಲಿಲ್ಲ. ಬಯ್ದಿದ್ದರೆ ನಾನು ಸುಧಾರಿಸುತ್ತಿದ್ದೆನೋ ಏನೋ. ಅವನು ನನ್ನ ಮುಖ ನೋಡಿ, ಉರುಳಿದ ಹಣ್ಣುಗಳಲ್ಲೇ ಎರಡನ್ನು ಹಿಂಡಿ, ಒಂದು ಗ್ಲಾಸು ರಸ ಮಾಡಿ ಕೊಟ್ಟ. ಅದನ್ನು ಕುಡಿದು ಬಂದವಳು ಮತ್ತೆ ಸ್ಟೇರಿಂಗ್ ಮುಟ್ಟಲಿಲ್ಲ.

ನಮ್ಮವರು, ಎಂದರೆ ನನ್ನ ಯಜಮಾನರು, ವಿದ್ಯುತ್ ಇಲಾಖೆಯಲ್ಲಿ ಇದ್ದವರು. ಎಲ್ಲಿ ಕಿಡಿ ಕಂಡರೂ ಮೊದಲು ಮೇನ್ ಸ್ವಿಚ್ ಆರಿಸುವುದು ಅವರ ಸ್ವಭಾವ. ಆ ತಿಂಗಳೇ ಕಾರನ್ನು ಮಾರಿಬಿಟ್ಟರು. "ನಿನ್ನ ಛಲೋದಕ್ಕ ಶಾಂತಾ," ಎಂದರು. ನಾನು ಹೂಂ ಎಂದೆ. ಎರಡು ವರ್ಷ ಹಾಗೇ ಹೋಯಿತು.

ಈಗ ಒಂದು ಟಾಂಗಾದ ವಿಷಯ ಹೇಳಬೇಕು, ಅದು ಇಲ್ಲಿಗೆ ಸಂಬಂಧಿಸಿದ್ದಲ್ಲ ಅನಿಸಿದರೂ. ನಾನು ಹುಟ್ಟಿ ಬೆಳೆದ ಗುಲಬರ್ಗಾದಲ್ಲಿ ಆಗ ಎಲ್ಲಿಗೆ ಹೋಗಬೇಕಾದರೂ ಟಾಂಗಾ. ಅಪ್ಪ ಮುಂದೆ ಟಾಂಗಾದವನ ಪಕ್ಕ ಕೂರುತ್ತಿದ್ದರು, ಹೆಂಗಸರು ಮಕ್ಕಳು ಹಿಂದೆ. ಹಿಂದಿನ ಸೀಟು ಹಿಂದಕ್ಕೇ ಮುಖ ಮಾಡಿರುತ್ತಿತ್ತು. ಹಾಗಾಗಿ ನನ್ನ ಬಾಲ್ಯದ ಊರನ್ನೆಲ್ಲ ನಾನು ದಾಟಿಹೋದ ಮೇಲೆಯೇ ನೋಡಿದ್ದೇನೆ. ಬರುವುದು ಏನು ಎಂಬುದು ಕುದುರೆಗೆ ಗೊತ್ತು, ಅಪ್ಪನಿಗೆ ಗೊತ್ತು. ನಮಗೆ ಅದು ಹೋದ ಮೇಲೆ ಕಾಣುತ್ತಿತ್ತು. ಮಿಠಾಯಿ ಅಂಗಡಿ ಬಂದಿದೆ ಎಂದು ತಿಳಿಯುವಷ್ಟರಲ್ಲಿ ಅದು ಚಿಕ್ಕದಾಗುತ್ತ ಹೋಗುತ್ತಿತ್ತು. ಕಾರು ಕಲಿತ ಮೊದಲ ದಿನ ನನಗೆ ಆದ ಸಂತೋಷ ಇದೇ, ಮಿಠಾಯಿ ಅಂಗಡಿ ದೊಡ್ಡದಾಗುತ್ತ ಬರುವುದನ್ನು ನೋಡುವುದು. ಆ ಸಂತೋಷ ಕೋಠಿಯಲ್ಲಿ ಮೋಸಂಬಿಯ ಜೊತೆ ಉರುಳಿಹೋಗಿತ್ತು.

ಶಿವಶರಣಪ್ಪನವರ ಅಂಗಳಕ್ಕೆ ನಾವು ಹೋದದ್ದು ಕಾರು ಕೊಳ್ಳಲು ಅಲ್ಲ. ನಮ್ಮವರ ತಮ್ಮನ ಮಗಳ ಲಗ್ನಪತ್ರಿಕೆ ಕೊಡಲು. ಪತ್ರಿಕೆಯನ್ನು ಫೋನಿನಲ್ಲಿ ಕಳಿಸಿದರೆ ನಮ್ಮ ಕಡೆಯವರು ಮದುವೆಗೆ ಬರುವುದಿಲ್ಲ, ಬಂದರೂ ಊಟ ಮಾಡುವುದಿಲ್ಲ. ಕುಂಕುಮ ಅಕ್ಷತೆ ಇಟ್ಟು ಕೈಗೇ ಕೊಡಬೇಕು. ಶಿವಶರಣಪ್ಪ ಹುಮನಾಬಾದಿನವರು. ಪಟಾನ್‌ಚೆರು ದಾಟಿದ ಮೇಲೆ ಹೆದ್ದಾರಿಯ ಪಕ್ಕ ಅವರ ವ್ಯಾಪಾರ. ಹಳೆಯ ಗೂಡ್ಸ್ ಆಟೋ, ಟಂಟಂ, ಅಪರೂಪಕ್ಕೆ ಒಂದು ಟ್ರ್ಯಾಕ್ಟರು, ಇವನ್ನು ಕೊಂಡು ಮಾರುತ್ತಾರೆ. ಮೂವತ್ತು ಆಟೋಗಳ ನಡುವೆ ಅದು ನಿಂತಿತ್ತು. ಕೆಂಪು. ಎರಡೇ ಬಾಗಿಲು. ನನ್ನ ಸೊಂಟದಷ್ಟು ಎತ್ತರ. ಮುಂದಿನ ಇಳಿಜಾರಿನ ಮೇಲೆ ಒಂದು ಹಳೆಯ ಸೀರೆ ಹಾಸಿ ಜೋಳದ ಹಪ್ಪಳ ಒಣಗಿಸಿದ್ದರು.

"ಅದೇನ್ ಗಾಡಿರಿ?" ನಮ್ಮವರು ಕೇಳಿದರು.

"ಅದಾ? ಕೆಂಪು ಗಾಡಿರಿ ಸಾಹೇಬ್ರ," ಎಂದರು ಶಿವಶರಣಪ್ಪ.

"ಕಂಪನಿ ಯಾವ್ದು?"

"ಹೊರದೇಶದ್ದು ಐತ್ರಿ. ಮುಂದ ಬಿಲ್ಲಿ ಐತಿ ನೋಡ್ರಿ, ಅದರಾಗಿನ ಪ್ರಾಣಿ ಯಾವ್ದಂತ ಇನ್ನಾ ನಿಕ್ಕಿ ಆಗಿಲ್ಲ. ನಾ ನಾಯಿ ಅಂತೀನಿ. ಯಾದಗಿರಿ ಉಡ ಅಂತಾನ."

ಯಾದಗಿರಿ ಅವರ ಅಂಗಳದ ಡ್ರೈವರು, ಐವತ್ತರ ಆಸುಪಾಸಿನವನು, ನಾಲ್ಕು ಮಾತಿಗೆ ಒಂದು ಮಾತು ಆಡುವವನು. ನಾನು ಹಪ್ಪಳದ ಸೀರೆಯ ಅಂಚು ಎತ್ತಿ ಬಿಲ್ಲೆಯನ್ನು ನೋಡಿದೆ. ಬಿಸಿಲಿಗೆ ಬಣ್ಣ ಎದ್ದುಹೋಗಿತ್ತು. ನಾಲ್ಕು ಕಾಲು, ಒಂದು ಬಾಲ ಇದ್ದವು. ತಲೆ ಇರಲಿಲ್ಲ. ನಾಯಿಯೂ ಆಗಬಹುದಿತ್ತು, ಉಡವೂ ಆಗಬಹುದಿತ್ತು.

ಕಾರು ಅಲ್ಲಿಗೆ ಬಂದ ಕತೆಯನ್ನು ಶಿವಶರಣಪ್ಪ ಚಹ ಕುಡಿಯುತ್ತ ಹೇಳಿದರು. ಮಾದಾಪುರದ ಒಬ್ಬ ಎಂಜಿನಿಯರು ನೌಕರಿ ಬಿಟ್ಟು ಮನೆಮನೆಗೆ ತರಕಾರಿ ಮುಟ್ಟಿಸುವ ಧಂಧೆ ಶುರುಮಾಡಿದನಂತೆ. ಕಾರು ಕೊಟ್ಟು ಬದಲಿಗೆ ಗೂಡ್ಸ್ ಆಟೋ ಒಯ್ದ. ಮುಂದೆ ಧಂಧೆಯೂ ಇಲ್ಲ, ಅವನ ಫೋನೂ ಇಲ್ಲ.

"ಹೆಂಗ ನಡಸೂದಂತ ಹೇಳಿಕೊಟ್ಟಿಲ್ಲೇನು?" ಎಂದೆ.

"ಅಯ್ಯ ಅಕ್ಕಾರ, ಅರ್ಧಾ ತಾಸು ಹೇಳಿಕೊಟ್ಟ. ಎಲ್ಲಾ ಇಂಗ್ಲಿಷಿನ್ಯಾಗ. ಯಾದಗಿರಿ ಒಂದೂ ಬಿಡಲಾರದ ಎಸ್ ಸಾರ್, ಎಸ್ ಸಾರ್ ಅಂದ. ಆಂವಾ ಹೋದ ಮ್ಯಾಲ ಏನ್ ಹೇಳಿದ್ನೋ ಅಂದ್ರ, ಮರೀಲಿಲ್ಲ ಸೇಠ್, ತಿಳೀಲಿಲ್ಲ ಅಂದ."

ಯಾದಗಿರಿ ತಲೆ ಆಡಿಸಿ ಒಪ್ಪಿಕೊಂಡ.

ಶಿವಶರಣಪ್ಪನವರಿಗೆ ಗಾಡಿ ಅಳೆಯುವ ವಿಧಾನ ಒಂದೇ. ಎಷ್ಟು ಚೀಲ ಹೊರುತ್ತದೆ? ಈ ಕಾರನ್ನೂ ಅವರು ಹಾಗೇ ಪರೀಕ್ಷಿಸಿದ್ದರು. ಒಂದು ಚೀಲ ಜೋಳ ತಂದು ಪಕ್ಕದ ಸೀಟಿನಲ್ಲಿ ಕೂರಿಸಿದರಂತೆ. ಕಾರು ಹೊರಟದ್ದೇ ಟೀಂ ಟೀಂ ಎಂದು ಅರಚತೊಡಗಿತು. ಬಾಗಿಲು ತೆರೆದು ಮುಚ್ಚಿದರು, ದೀಪ ಹಚ್ಚಿ ಆರಿಸಿದರು, ಅರಚುವುದು ನಿಲ್ಲಲಿಲ್ಲ. ಕೊನೆಗೆ ಯಾದಗಿರಿ ಚೀಲಕ್ಕೆ ಬೆಲ್ಟು ಕಟ್ಟಿದ. ಆಗ ನಿಂತಿತು. "ಒಂದು ಚೀಲ, ಒಬ್ಬ ಮನಷ್ಯಾ. ಅಷ್ಟೇ ಇದರ ತಾಕತ್ತು," ಎಂದು ಶಿವಶರಣಪ್ಪ ಮರುಕದಿಂದ ಹೇಳಿದರು. ಕುಂಟ ಎತ್ತನ್ನು ಕುರಿತು ಆಡುವ ದನಿ ಅದು.

ಆಮೇಲೆ ದನಿ ತಗ್ಗಿಸಿದರು. "ಇನ್ನೊಂದು ಹೇಳ್ತೀನ್ರಿ. ಸುಳ್ಳು ಹೇಳಿ ಯಾಪಾರ ಮಾಡಿದವ ಅಲ್ಲ ನಾ. ಈ ಗಾಡಿಗೆ ರಿವರ್ಸ್ ಇಲ್ಲ."

"ಕೆಟ್ಟದೇನು?" ನಮ್ಮವರು ಕೇಳಿದರು.

"ಕೆಟ್ಟಿಲ್ರಿ. ಇಲ್ಲೇ ಇಲ್ಲ. ಕಂಪನಿಯವರೇ ಇಟ್ಟಿಲ್ಲ. ರೇಸಿನ ಗಾಡಿ ಅಲ್ಲೇನ್ರಿ? ರೇಸಿನ್ಯಾಗ ಹಿಂದ ಯಾರು ಹೋಗ್ತಾರ?"

"ಲೇದಮ್ಮಾ," ಎಂದ ಯಾದಗಿರಿ. "ಮೊತ್ತಂ ವೆತಿಕಿನ. ಲೇದು." ಪೂರ್ತಿ ಹುಡುಕಿದ್ದಾನೆ, ಇಲ್ಲ.

ಅವರು ಹುಡುಕಿದ ರೀತಿಯನ್ನು ನಾನು ಆಮೇಲೆ ವಿಚಾರಿಸಿ ತಿಳಿದುಕೊಂಡೆ. ಆಟೋಗಳಲ್ಲಿ ಮುಂದಿನ ಗೇರುಗಳದ್ದೇ ಒಂದು ಹಿಡಿಕೆ, ಹಿಂದಕ್ಕೆ ಹೋಗಲು ಬೇರೆಯೇ ಒಂದು ಹಿಡಿಕೆ. ಸೀಟಿನ ಬಳಿ ಕೆಳಗಿರುತ್ತದೆ. ಜೀವಮಾನವೆಲ್ಲ ಆಟೋ ಮಾರಿದವರು ಆ ಎರಡನೆಯ ಹಿಡಿಕೆಯನ್ನೇ ಹುಡುಕಿದ್ದಾರೆ. ಸೀಟಿನ ಕೆಳಗೆ ಒಂದು ಸಿಕ್ಕಿತು ಕೂಡ. ಎಳೆದರು. ಯಾದಗಿರಿ ಸೀಟಿನ ಸಮೇತ ಸರ್ರನೆ ಹಿಂದಕ್ಕೆ ಹೋದ, ಕಾರು ಇದ್ದಲ್ಲೇ ಇತ್ತು. ಗೇರಿನ ಹಿಡಿಕೆಯ ತಲೆಯ ಮೇಲೆ ಚಿತ್ರ ಇರುತ್ತದಲ್ಲ, ಅದನ್ನು ನೋಡಬಹುದಿತ್ತಲ್ಲ ಎಂದರೆ, ಆ ತಲೆಯ ಚರ್ಮ ಸುಲಿದು ಅಸಹ್ಯವಾಗಿದೆಯೆಂದು ಶಿವಶರಣಪ್ಪ ಮೊದಲ ವಾರವೇ ಅದನ್ನು ಕಿತ್ತು, ಲಾರಿಯವರು ಹಾಕುವಂಥ, ಒಳಗೆ ಪ್ಲಾಸ್ಟಿಕ್ ಗುಲಾಬಿ ಇರುವ ಗಾಜಿನ ಗುಂಡು ಕೂರಿಸಿದ್ದರು. ಗುಲಾಬಿಯಲ್ಲಿ ಯಾವ ಸೂಚನೆಯೂ ಇರಲಿಲ್ಲ.

ಹೀಗೆ ಎಂಟು ತಿಂಗಳಿಂದ ಆ ಅಂಗಳದಲ್ಲಿ ಒಂದು ಪದ್ಧತಿ ಬೆಳೆದಿತ್ತು. ಕಾರು ಹಿಂದಕ್ಕೆ ಹೋಗಬೇಕಾದಾಗ ಯಾದಗಿರಿ ರಸ್ತೆಯಾಚೆಯ ಚಹದ ಅಂಗಡಿಯ ಕಡೆ ತಿರುಗಿ ಒಂದು ಶಿಳ್ಳೆ ಹಾಕುತ್ತಾನೆ. ನಾಲ್ಕು ಜನ ಕಪ್ಪು ಕೆಳಗಿಟ್ಟು ಬರುತ್ತಾರೆ. ನೂಕುತ್ತಾರೆ. ಅವರ ಚಹ ಶಿವಶರಣಪ್ಪನವರ ಲೆಕ್ಕಕ್ಕೆ. ನಮಗೂ ನೂಕಿ ತೋರಿಸಿದರು. ಆ ನಾಲ್ವರ ಮುಖದಲ್ಲಿ ದೇವರ ಪಲ್ಲಕ್ಕಿ ಹೊರುವವರ ಗಾಂಭೀರ್ಯ ಇತ್ತು.

ಈಗ ನಾನು ಪ್ರಮಾಣ ಮಾಡಿ ಹೇಳಬೇಕಾದ ಜಾಗ ಬಂತು. ರಿವರ್ಸ್ ಇಲ್ಲದ ಕಾರು ಇರುವುದಿಲ್ಲ ಎಂದು ನನಗೆ ಗೊತ್ತಿತ್ತೇ? ಗೊತ್ತಿರಲಿಲ್ಲ ಎಂದರೆ ಸುಳ್ಳಾಗುತ್ತದೆ. ಗೊತ್ತಿತ್ತು ಎಂದರೂ ಪೂರ್ತಿ ನಿಜವಲ್ಲ. ಸಾಕ್ಷಿ ಕಟಕಟೆಯಲ್ಲಿ ನಿಂತು ತಮಗೆ ಬೇಕಾದದ್ದನ್ನು ನಂಬುವವರನ್ನು ನಾನು ಎಷ್ಟೋ ಜನ ನೋಡಿದ್ದೇನೆ. ಅವರ ಕಣ್ಣು ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಆ ದಿನ ನಾನು ಮೇಲಕ್ಕೆ ನೋಡಿದೆ. ಹಿಂದಕ್ಕೆ ಹೋಗಲಾರದ ಕಾರು! ಅದರಲ್ಲಿ ಕೂತರೆ ಯಾರೂ ನನಗೆ ಹಿಂದಕ್ಕೆ ತಗೊಳ್ಳಿ ಎನ್ನಲಾರರು. ಎಂದರೂ ನನ್ನ ತಪ್ಪಲ್ಲ. ಜಗತ್ತಿನಲ್ಲಿ ನನಗಾಗಿಯೇ ಯಾರೋ ಒಂದು ಕಾರು ಮಾಡಿದ್ದಾರೆ, ಅದು ಹಪ್ಪಳದ ಕೆಳಗೆ ಕಾಯುತ್ತಿದೆ.

"ಎಷ್ಟಕ್ಕ ಕೊಡ್ತೀರಿ?" ಎಂದೆ.

ನಮ್ಮವರ ಕೈಯಲ್ಲಿದ್ದ ಲಗ್ನಪತ್ರಿಕೆಯಿಂದ ಅಕ್ಷತೆ ಉದುರಿತು.

ಶಿವಶರಣಪ್ಪ ಒಂದು ಹೊಸ ಗೂಡ್ಸ್ ಆಟೋದ ಬೆಲೆ ಹೇಳಿದರು. ಅದಕ್ಕಿಂತ ಹೆಚ್ಚು ಕೇಳುವುದು ಅವರ ಮನಸ್ಸಿಗೆ ಒಪ್ಪಲಿಲ್ಲ, ಏಕೆಂದರೆ ಗೂಡ್ಸ್ ಆಟೋ ಹನ್ನೆರಡು ಚೀಲ ಹೊರುತ್ತದೆ. ನನ್ನ ನಿವೃತ್ತಿಯ ಹಣ ಬ್ಯಾಂಕಿನಲ್ಲಿ ಸುಮ್ಮನೆ ಇತ್ತು.

ಮನೆಗೆ ಬರುವ ಬಸ್ಸಿನಲ್ಲಿ ನಮ್ಮವರು, ಕುಕಟಪಲ್ಲಿ ಬಂದಾಗ, "ರಿವರ್ಸ್ ಇಲ್ಲದ ಗಾಡಿ ಇರ್ತದೇನು ಶಾಂತಾ?" ಎಂದರು.

"ಶಿವಶರಣಪ್ಪನವರು ಹೇಳಿದ್ರಲ್ಲ."

ಅವರು ನನ್ನ ಮುಖವನ್ನೇ ನೋಡಿದರು. ಅಮೀರ್‌ಪೇಟೆ ಬಂದಾಗ ಅವರ ತೀರ್ಪು ಬಂತು. "ಆತು. ಅಲ್ಲಿಂದ ನಮ್ಮ ಮನಿ ಗೇಟಿನ ತನಕಾ ನೀನೇ ನಡಿಸಿಕೊಂಡು ಬರಬೇಕು. ನಾ ಬಾಜೂ ಕೂಡ್ತೀನಿ, ತುಟಿ ಪಿಟಕ್ಕನ್ನಂಗಿಲ್ಲ. ಗೇಟು ಮುಟ್ಟಿತೋ, ಗಾಡಿ ನಿಂದು, ಇನ್ನ ಮ್ಯಾಲ ಬ್ಯಾಡ ಅನ್ನಂಗಿಲ್ಲ. ನಡುವ ಒಮ್ಮೆ ಸ್ಟೇರಿಂಗ್ ನನ್ನ ಕೈಗೆ ಕೊಟ್ಟಿ ಅಂದ್ರ ಮಾತ್ರ ಗಾಡಿ ಶಿವಶರಣಪ್ಪಗ ವಾಪಸ್. ಮತ್ತ ಡ್ರೈವಿಂಗ್ ಮಾತು ಎತ್ತಬಾರದು."

ನಾನು ಒಪ್ಪಿದೆ. ಮರುದಿನ ಫೋನಿನಲ್ಲಿ ಶಿವಶರಣಪ್ಪನವರೂ ಒಪ್ಪಿದರು. ನೂಕಿಸಿದ ಚಹದ ಖರ್ಚು ಉಳಿದರೆ ಸಾಕಾಗಿತ್ತು ಅವರಿಗೆ.

ಎರಡು ಭಾನುವಾರ ಆ ಅಂಗಳದಲ್ಲಿ ಯಾದಗಿರಿ ನನಗೆ ಅಭ್ಯಾಸ ಮಾಡಿಸಿದ. ರಿವರ್ಸ್ ಇಲ್ಲವಾದ್ದರಿಂದ ಆಟೋಗಳ ಸುತ್ತ ಬರೀ ಪ್ರದಕ್ಷಿಣೆ. ಕೈ ನಡುಗುತ್ತಿತ್ತು, ಆದರೆ ಕಾರಿನ ಎಂಜಿನ್ನು ಅದಕ್ಕಿಂತ ಹೆಚ್ಚು ನಡುಗಿಸುತ್ತಿದ್ದುದರಿಂದ ಗೊತ್ತಾಗುತ್ತಿರಲಿಲ್ಲ. ರಸ್ತೆ ಉಬ್ಬುಗಳನ್ನು ಓರೆಯಾಗಿ ದಾಟಬೇಕು, ಇಲ್ಲದಿದ್ದರೆ ಹೊಟ್ಟೆ ಉಜ್ಜುತ್ತದೆ ಎಂದು ಕಲಿಸಿದ. "ಕ್ರಾಸಮ್ಮಾ, ಕ್ರಾಸು," ಅಷ್ಟೇ ಅವನ ಪಾಠ. ಮನೆಯಲ್ಲಿ ನಮ್ಮವರು ವೈರಿಂಗ್ ನಕ್ಷೆ ಬರೆಯುವ ಕಾಗದದ ಮೇಲೆ ದಾರಿ ಬರೆದರು. ಎಲ್ಲಿಯೂ ಹಿಂದಕ್ಕೆ ಹೋಗುವ ಪ್ರಸಂಗ ಬಾರದಂಥ ದಾರಿ. ನಮ್ಮ ಗಲ್ಲಿಯ ಕೊನೆ ಗೋಡೆ, ಆದರೆ ಅದಕ್ಕೆ ಮೊದಲೇ ಬದಿಗೆ ನಮ್ಮ ಗೇಟು, ತೆರೆದಿಟ್ಟರೆ ತಿರುಗಿಸಿ ನೇರ ಒಳಗೆ. ಮತ್ತೆ ಹೊರಗೆ ಬರುವುದು ಹೇಗೆ ಎಂಬುದನ್ನು ನಾವು ಚರ್ಚಿಸಲಿಲ್ಲ.

ಮೂರನೆಯ ಭಾನುವಾರ ಬೆಳಿಗ್ಗೆ ಪೂಜೆ. ಮುಂದಿನ ಇಳಿಜಾರಿನಿಂದ ಹೂಮಾಲೆ ಮೂರು ಸಲ ಜಾರಿತು, ಕೊನೆಗೆ ಅದನ್ನು ವೈಪರಿಗೆ ಕಟ್ಟಿದರು. ಚಹದಂಗಡಿಯ ನಾಲ್ವರೂ ಬಂದು ಕಾಯಿ ಒಡೆದ ಪ್ರಸಾದ ತೆಗೆದುಕೊಂಡರು. ಒಬ್ಬನಂತೂ ಕಾರಿನ ಮೂತಿಯ ಮೇಲೆ, ತಾನು ದಿನಾ ಕೈ ಇಟ್ಟು ನೂಕುತ್ತಿದ್ದ ಜಾಗದಲ್ಲಿ, ಒಮ್ಮೆ ಕೈ ಸವರಿದ.

"ಹೋಗಿ ಬರ್ತೀವ್ರಿ," ಎಂದೆ.

"ಹೋಗ್ರಿ ಅಕ್ಕಾರ. ಬರೂದು ಇದರಾಗ ಆಗಂಗಿಲ್ಲ," ಎಂದರು ಶಿವಶರಣಪ್ಪ.

ಸ್ಪೋರ್ಟ್ಸ್ ಕಾರಿನಿಂದ ಹೈದರಾಬಾದು ಹೇಗೆ ಕಾಣುತ್ತದೆ ಎಂದು ನಿಮಗೆ ಹೇಳುತ್ತೇನೆ. ಬಸ್ಸು ಎಂದರೆ ಒಂದು ಚಕ್ರ, ಅದರ ನಟ್ಟುಗಳು. ಮನುಷ್ಯರೆಂದರೆ ಮೊಳಕಾಲು. ಸಿಗ್ನಲಿನಲ್ಲಿ ಒಂದು ನಾಯಿ ಬಂದು ನಿಂತಿತು, ನಾವಿಬ್ಬರೂ ಸಮಾನವಾಗಿ ಒಬ್ಬರನ್ನೊಬ್ಬರು ನೋಡಿದೆವು. ನಾನು ಗಂಟೆಗೆ ಇಪ್ಪತ್ತೈದು ಕಿಲೋಮೀಟರಿನಲ್ಲಿ ಹೋಗುತ್ತಿದ್ದೆ. ಎಂಜಿನ್ನು ಮಾತ್ರ ಸರ್ಕಸ್ಸಿನ ಹುಲಿಯ ಹಾಗೆ ಗುರುಗುಡುತ್ತಿತ್ತು. ಮೊದಲು ಸದ್ದು ಕೇಳಿ ದಾರಿ ಬಿಟ್ಟವರು, ಆಮೇಲೆ ವೇಗ ನೋಡಿ, ಸೈಕಲ್ಲಿನಲ್ಲೂ ನಮ್ಮನ್ನು ದಾಟಿ ಹೋದರು. ಒಂದು ಬೈಕಿನ ಮೇಲಿದ್ದ ಇಬ್ಬರು ಬಗ್ಗಿ ಕೇಳಿದರು, "ಆಂಟೀ, ಶಾದೀ ಕೇ ವಾಸ್ತೇ ಭಾಡೇ ಪೇ ದೇತೇ ಕ್ಯಾ?" ಮದುವೆಗೆ ಬಾಡಿಗೆಗೆ ಕೊಡುತ್ತೀರಾ ಎಂದು. ವೈಪರಿನ ಹೂಮಾಲೆ ನೋಡಿ ಹಾಗೆ ಕೇಳಿರಬೇಕು. ಉತ್ತರ ಕೊಡಲು ನನಗೆ ಪುರುಸೊತ್ತಿರಲಿಲ್ಲ. ನಮ್ಮವರು ಮಾತು ಕೊಟ್ಟಂತೆ ತುಟಿ ಬಿಚ್ಚಲಿಲ್ಲ. ಬೆಲ್ಟು ಕಟ್ಟಿದ ಜೋಳದ ಚೀಲದ ಹಾಗೆ ಕೂತಿದ್ದರು.

ಅಬಿಡ್ಸ್ ಬಂತು. ಭಾನುವಾರವಾದ್ದರಿಂದ ಅಂಗಡಿಗಳು ಮುಚ್ಚಿ, ಅವುಗಳ ಮುಂದೆ ಹಳೆಯ ಪುಸ್ತಕದವರು ಹರಡಿಕೊಂಡಿದ್ದರು. ಆ ಎತ್ತರದಿಂದ ಪುಸ್ತಕಗಳ ಬೆನ್ನಿನ ಹೆಸರು ಓದಬಹುದಿತ್ತು. ಇನ್ನು ಮನೆ ಇರುವ ಕಾಚಿಗುಡ ದೂರವಿಲ್ಲ. ನನ್ನ ಭುಜ ಸ್ವಲ್ಪ ಇಳಿಯಿತು.

ಕೋಠಿಯ ಹತ್ತಿರ ಪೊಲೀಸರು ರಸ್ತೆಗೆ ಅಡ್ಡಲಾಗಿ ಬ್ಯಾರಿಕೇಡ್ ಇಟ್ಟಿದ್ದರು. ಯಾವುದೋ ಮೆರವಣಿಗೆ. ಒಬ್ಬ ಪೊಲೀಸಪ್ಪ ಕೋಲಿನಿಂದ ಎಡಗಡೆಯ ಗಲ್ಲಿ ತೋರಿಸಿದ. ಆ ಗಲ್ಲಿ ನಮ್ಮವರ ಕಾಗದದಲ್ಲಿ ಇರಲಿಲ್ಲ. ಅವರು ಕಾಗದ ನೋಡಿದರು, ಗಲ್ಲಿ ನೋಡಿದರು, ತುಟಿ ಒತ್ತಿಕೊಂಡರು. ನಾನು ತಿರುಗಿಸಿದೆ.

ಗಲ್ಲಿಯ ಅಗಲ ಒಂದು ಗಾಡಿಯದ್ದು. ಎರಡೂ ಕಡೆ ಅಂಗಡಿಯ ಕಟ್ಟೆಗಳು. ಒಂದು ಬಟ್ಟೆ ಅಂಗಡಿಯ ಮುಂದೆ ಸಾಲಾಗಿ ಏಳು ಪ್ಲಾಸ್ಟರಿನ ಗೊಂಬೆ ಹೆಂಗಸರು ಸೀರೆ ಉಟ್ಟು ನಿಂತಿದ್ದರು. ಅವರನ್ನು ದಾಟಿ ಸ್ವಲ್ಪ ಮುಂದೆ ಹೋಗುವಷ್ಟರಲ್ಲಿ ಎದುರಿನಿಂದ ನೀರಿನ ಟ್ಯಾಂಕರ್ ಬಂತು. ನಿಂತಿತು. ನಾನೂ ನಿಂತೆ. ಅದರ ಬಂಪರು ನನ್ನ ಹಣೆಯ ಮಟ್ಟದಲ್ಲಿತ್ತು. ಟ್ಯಾಂಕರಿನ ಹಿಂದೆ ಆಟೋಗಳ, ಸ್ಕೂಟರುಗಳ ಸಾಲು. ನನ್ನ ಹಿಂದೆ ಯಾರೂ ಇರಲಿಲ್ಲ. ಎಂದರೆ ನ್ಯಾಯ ಯಾರ ಕಡೆ ಎಂಬುದು ಸ್ಪಷ್ಟವಿತ್ತು.

ಟ್ಯಾಂಕರಿನ ಡ್ರೈವರು ತಲೆ ಹೊರಗೆ ಹಾಕಿ, "ಪೀಛೇ ಲೇವ್ ಅಮ್ಮಾ," ಹಿಂದಕ್ಕೆ ತಗೊಳ್ಳಿ ಎಂದ.

"ರಿವರ್ಸ್ ನಹೀಂ ಹೈ," ಎಂದೆ.

"ಆತಾ ನಹೀಂ?" ಬರುವುದಿಲ್ಲವೇ ಎಂದ.

"ಗಾಡಿ ಮೇಂ ನಹೀಂ ಹೈ." ಗಾಡಿಯಲ್ಲೇ ಇಲ್ಲ ಎಂದೆ.

ಅವನು ಇಳಿದು ಬಂದ. ಬಿಳಿ ಗಡ್ಡದವನು, ಸಮಾಧಾನಿ. ಕಾರಿನ ಸುತ್ತ ಒಂದು ಸುತ್ತು ಹಾಕಿ, ಗುಲಾಬಿಯ ಗುಂಡನ್ನು ಇಣುಕಿ ನೋಡಿ, ತನ್ನ ಹಿಂದಿನವರಿಗೆಲ್ಲ ಸುದ್ದಿ ಹೇಳಿದ. ಸುದ್ದಿ ಗಲ್ಲಿಯ ಆ ತುದಿಯವರೆಗೂ ಹೋಯಿತು. ಜನ ಸೇರಿದರು. ಕಾರಿಗೆ ರಿವರ್ಸ್ ಇರುವುದಿಲ್ಲವೇ ಎಂಬ ಪ್ರಶ್ನೆಯ ಮೇಲೆ ಎರಡು ಪಕ್ಷಗಳಾದವು. ವಿಮಾನಕ್ಕೆ ಇರುವುದಿಲ್ಲ ಎಂದು ಒಬ್ಬ ದೃಷ್ಟಾಂತ ಕೊಟ್ಟ. ಮೂವರು ಮುಂದೆ ಬಂದು ಮೂತಿಗೆ ಕೈ ಹಚ್ಚಿ ನೂಕಿದರು. ಎಲ್ಲಿ ಕೈ ಇಡಬೇಕೆಂಬುದು ಅವರಿಗೆ ಗೊತ್ತಿರಲಿಲ್ಲ, ಎಲ್ಲಿಯೋ ಕಟಕ್ ಎಂದಿತು. ಗಲ್ಲಿ ಹಿಂದಕ್ಕೆ ಸ್ವಲ್ಪ ಏರು ಬೇರೆ. ಕಾರು ಒಂದು ಗೇಣು ಹೋಗಿ ಒಂದು ಗೇಣು ಮರಳಿತು.

ಹಾರ್ನುಗಳು ಶುರುವಾದವು. ಸ್ಟೇರಿಂಗನ್ನು ನಮ್ಮವರ ಕೈಗೆ ಕೊಟ್ಟು ಇಳಿದುಬಿಡಬೇಕು ಎಂದು ಬೆಲ್ಟಿಗೆ ಕೈ ಹಾಕಿದೆ. ಹಾಕಿದ್ದು ನಿಜ.

"ಶಾಂತಾ." ಪಟಾನ್‌ಚೆರುವಿನಿಂದ ಅವರು ಆಡಿದ ಮೊದಲ ಮಾತು. "ಹಿಡಿಕಿ ಕೆಳಗ ಒತ್ತು."

"ಏನು?"

"ಗುಲಾಬಿ ಮ್ಯಾಲ ಕೈ ಇಟ್ಟು ಕೆಳಗ ಒತ್ತು. ಗಟ್ಟಿ. ಒತ್ತಿ ಎಡಕ್ಕ, ಆಮ್ಯಾಲ ಮುಂದಕ."

ನಾನು ಅವರನ್ನೇ ನೋಡಿದೆ. "ಅದ?"

"ಅದ."

"ಯಾವಾಗಿನಿಂದ ಗೊತ್ತು ನಿಮಗ?"

"ಪತ್ರಿಕಿ ಕೊಟ್ಟು ಬಂದ ದಿನಾನೇ. ಫೋನಿನ್ಯಾಗ ನೋಡಿದೆ."

"ಮತ್ತ ಹೇಳಲಿಲ್ಲ!"

"ಹೇಳಿದ್ರ ನೀ ಗಾಡಿ ತಗೋತಿದ್ದೇನು?" ಎಂದರು. ಹಾರ್ನುಗಳ ನಡುವೆ, ಟ್ಯಾಂಕರಿನ ಬಂಪರಿಗೆ ಹೇಳುವ ಹಾಗೆ, "ನಿನ್ನ ಕಾರು ಮಾರಿದಾಗ ನೀ ಜಗಳಾ ತಗೀತಿ ಅಂತ ಮಾಡಿದ್ದೆ. ಹೂಂ ಅಂದಿ. ಎರಡು ವರ್ಷ ಹೂಂ ಅಂದಿ. ನನಗ ಅದರದ್ದೇ ಅಂಜಿಕಿ ಆಗಿತ್ತು," ಎಂದರು. ಆಮೇಲೆ ಗುಲಾಬಿಯ ಕಡೆ ಕೈ ಚಾಚಿ, ಮೆಲ್ಲಗೆ, "ನಾ ತಗೊಳ್ಳೇನು ಹಿಂದಕ? ವಚನ ಗಿಚನ ಬಿಡು," ಎಂದರು.

ಇಲ್ಲಿ ನನಗೆ ಬಂದ ಸಿಟ್ಟನ್ನು ಯಾವ ಶೀಘ್ರಲಿಪಿಯಲ್ಲೂ ಬರೆಯಲು ಆಗದು. ಮೂರು ವಾರ ಈ ಮನುಷ್ಯ ರಿವರ್ಸ್ ಬೇಡದ ದಾರಿಯ ನಕ್ಷೆ ಬರೆದಿದ್ದಾರೆ. ಬಣ್ಣದ ಪೆನ್ಸಿಲಿನಲ್ಲಿ!

"ಕೈ ತಗೀರಿ," ಎಂದೆ.

ಗುಲಾಬಿಯನ್ನು ಒತ್ತಿದೆ. ಅದು ಒಳಗೆ ಇಳಿಯಿತು. ಎಡಕ್ಕೆ, ಮುಂದಕ್ಕೆ. ಕ್ಲಚ್ಚು ಬಿಟ್ಟಾಗ ಕಾರು ಹಿಂದಕ್ಕೆ ಸರಿಯಿತು. ನೂಕುತ್ತಿದ್ದ ಮೂವರು ಅದು ತಮ್ಮ ಬಲವೆಂದೇ ತಿಳಿದು ಜೈಕಾರ ಹಾಕಿದರು.

ಗಲ್ಲಿಯ ಬಾಯಿ ಅಲ್ಲಿಂದ ನೂರಾ ಹನ್ನೆರಡು ಹೆಜ್ಜೆ. ಮರುದಿನ ನಡೆದು ಹೋಗಿ ಎಣಿಸಿದ್ದೇನೆ. ಆ ನೂರಾ ಹನ್ನೆರಡು ಹೆಜ್ಜೆಗೆ ಸುಮಾರು ಇಪ್ಪತ್ತು ಜನ ದಾರಿ ತೋರಿಸಿದರು. ಒಬ್ಬರ ಎಡ ಇನ್ನೊಬ್ಬರ ಬಲ. ಗೊಂಬೆ ಹೆಂಗಸರ ಹತ್ತಿರ ಬಂದಾಗ ನನ್ನ ಕನ್ನಡಿ ಮೂರನೆಯವಳ ಕೈಗೆ ತಾಗಿ, ಕೈ ಭುಜದಿಂದಲೇ ಕಳಚಿ ಬಿತ್ತು. ನಾನು ಬ್ರೇಕು ಒತ್ತಿದೆ. ಅಂಗಡಿಯವನು ಓಡಿಬಂದ. ಮುಗಿಯಿತು ಎಂದುಕೊಂಡೆ. ಅವನು ಆ ಕೈಯನ್ನು ಎತ್ತಿ, ಧೂಳು ಒರೆಸಿ, "ಬಳಿ ಒಡದಿಲ್ಲ, ಬರ್ರಿ ಬರ್ರಿ!" ಎಂದ. ಅವನೂ ನಮ್ಮ ಕಡೆಯವನೇ, ನಮ್ಮ ಮಾತು ಕೇಳಿ ಗುರುತು ಹಿಡಿದಿದ್ದ. ಆಮೇಲೆ ಗಲ್ಲಿಯ ಬಾಯಿಯವರೆಗೂ ಅವನು ಆ ಪ್ಲಾಸ್ಟರಿನ ಕೈಯಿಂದಲೇ, ಅದರ ಹಸಿರು ಬಳೆಗಳ ಸಮೇತ, ನನ್ನನ್ನು ಕರೆಯುತ್ತ ನಡೆದ. ಎಡಗನ್ನಡಿಯಲ್ಲಿ ಆ ಕೈ ಕಾಣುತ್ತಿತ್ತು. ಬಲಗನ್ನಡಿಯಲ್ಲಿ ಗೋಡೆ. ನಡುವೆ ಏನಿದೆ ಎಂದು ನಾನು ತಲೆ ತಿರುಗಿಸಿ ನೋಡಿದೆ, ಪ್ರತಿ ಹೆಜ್ಜೆಗೂ ನೋಡಿದೆ.

ಟ್ಯಾಂಕರ್ ದಾಟುವಾಗ ಬಿಳಿ ಗಡ್ಡದವನು ಸಲಾಮು ಹೊಡೆದ. "ಆ ಗಯಾ ರಿವರ್ಸ್?" ರಿವರ್ಸ್ ಬಂತೇ ಎಂದ.

"ಆ ಗಯಾ," ಎಂದೆ.

ಮಧ್ಯಾಹ್ನ ಒಂದೂ ಕಾಲಿಗೆ ನಮ್ಮ ಗಲ್ಲಿ ಮುಟ್ಟಿದೆವು. ನಮ್ಮವರು ಇಳಿದು ಗೇಟು ತೆರೆದರು. ಕಾರಿನ ಮೂತಿ ಗೇಟಿನ ಹತ್ತಿರವೇ ಇತ್ತು. ಕರಾರಿನ ಪ್ರಕಾರ ಗೇಟು ಮುಟ್ಟಿದರೆ ಆಯಿತು. ನೇರ ಒಳಗೆ ಬಿಟ್ಟಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ನೇರ ಒಳಗೆ ಹೋದ ಕಾರು ಮರುದಿನ ಹೊರಗೆ ಬರುವುದು ಹಿಂದಕ್ಕೇ, ಅದೂ ನಮ್ಮವರು ಪಕ್ಕದಲ್ಲಿ ಕೂತು ಹೇಳಿಕೊಡುತ್ತ. ಇವತ್ತೇ ನಾನೊಬ್ಬಳೇ ಮಾಡಬೇಕು ಅನಿಸಿತು. ನಾನು ಗೇಟು ದಾಟಿ ಮುಂದೆ ಹೋಗಿ, ಗೋಡೆಯ ಹತ್ತಿರ ನಿಲ್ಲಿಸಿ, ಗುಲಾಬಿಯನ್ನು ಒತ್ತಿದೆ.

ಗಲ್ಲಿಯ ಎಲ್ಲ ಮನೆಗಳ ಬಾಗಿಲು ತೆರೆದವು. ನಮ್ಮವರು ಗೇಟಿನೊಳಗೆ ನಿಂತು, "ಬರ್ಲಿ. ಬರ್ಲಿ. ಬರ್ಲಿ," ಎನ್ನತೊಡಗಿದರು. ನಾನು ಬಂದೆ. ಸಾವಕಾಶವಾಗಿ ಬಂದೆ. ಅವರು ಸಾಕು ಎಂದದ್ದನ್ನು ನಾನು ಕೇಳಲಿಲ್ಲವೋ, ಅಥವಾ ಅವರು ಅನ್ನಲೇ ಇಲ್ಲವೋ, ಈ ವಿಷಯದಲ್ಲಿ ನಮ್ಮ ಮನೆಯಲ್ಲಿ ಈಗಲೂ ಎರಡು ಹೇಳಿಕೆಗಳಿವೆ. ಕರ್ ಎಂದು ಒಂದು ಸದ್ದಾಯಿತು. ಎಂಜಿನ್ನು ನಿಂತಿತು. ನಾನು ಎರಡೂ ಕೈಗಳನ್ನು ಸ್ಟೇರಿಂಗಿನಿಂದ ತೆಗೆದು ತೊಡೆಯ ಮೇಲೆ ಇಟ್ಟುಕೊಂಡೆ.

ಅವರು ಬಗ್ಗಿ ನೋಡಿದರು. ಬೆರಳಿನಿಂದ ಸವರಿದರು. ಆಮೇಲೆ ನನ್ನ ಕಿಟಕಿಯ ಹತ್ತಿರ ಬಂದರು. ಆ ಕಾರಿನಲ್ಲಿ ಕೂತವರ ಜೊತೆ ಮಾತಾಡಬೇಕಾದರೆ ಯಾರೇ ಆದರೂ ಮಂಡಿ ಊರಲೇಬೇಕು. ಅವರು ಊರಿದರು.

"ಏನ್ ತಾಗಿತು?" ಎಂದೆ.

"ಗೇಟಿನ ಕಂಬ."

"ಭಾಳ ಆಗ್ಯದೇನು?"

"ಕಂಬ ನಮ್ಮದೇ ಅದ," ಎಂದರು. "ಮುಂದ ತಗೊಂಡು ಇನ್ನೊಮ್ಮೆ ಬಾ."

ನಾನು ಮುಂದೆ ತೆಗೆದುಕೊಂಡೆ, ಇನ್ನೊಮ್ಮೆ ಬಂದೆ.